ಎಂಟು ಕಿಲೋ

ಅರವತ್ತರ ವೇಗ ಮುಟ್ಟಿದರೆ ಸಾಕು
ಹಿಂದಿನಿಂದ ಊಳಿಡುತ್ತಿತ್ತು ನನ್ನ ನೀವಾ;
ಪೆಡಲಿನಿಂದ ಕಾಲೆತ್ತಿದರೆ ಗಪ್‌ಚುಪ್.
ಲಾತಾಲಿಯಿಂದ ಉಶ್ಗುಲಿವರೆಗೆ ಮನೆಮನೆಯಲ್ಲೂ ಮಾತು:
ತಿರುವಿನಾಚೆ ತೋಳ ಕೂಗಿತು, ನರ್ಸ್ ಬಂದಳು.

"ಪಿನಿಯನ್," ಎಂದ ಮುರ್ತಾಜ್ ಮಾವ,
ಸ್ಟೂಲಿನ ಮೇಲೆ ಕೂತಲ್ಲಿಂದಲೇ.
ಮೂವತ್ತೊಂದು ವರ್ಷ ಬಸ್ ಡಿಪೋದ ಗ್ರೀಸ್ ಉಂಡ ಕೈ.
ಈಗ ಎರಡೂ ಕಣ್ಣಿಗೆ ಪೊರೆ;
ಆಪರೇಷನ್ನಿಗೆ ಒಪ್ಪಿಸಲು ಹೋಗಿ ಸೋತವಳು ನಾನೇ.
ಜುಗ್ದಿದಿಯ ದಾರಿ ಹಿಮ ಕುಸಿದು ಮುಚ್ಚಿದೆ.
ಕೈ ನನ್ನವು, ಬೈಗುಳ ಅವನವು.

ಕೊಟ್ಟಿಗೆಯಲ್ಲಿ ಜಾಕ್ ಏರಿಸಿ, ಆಕ್ಸಲ್ ಎಳೆದು
ಹಳೆಯ ಎಣ್ಣೆ ಬಸಿದೆ:
ಕಾಕಂಬಿಯ ಬಣ್ಣ, ಒಳಗೆ ಬೆಳ್ಳಿಯ ಪುಡಿ.
ಹಸು ಮೆಲುಕು ನಿಲ್ಲಿಸಿ ನೋಡಿತು, ಮತ್ತೆ ಶುರು ಮಾಡಿತು.

ಹೊಸ ಜೋಡಿ ಸೆಪ್ಟೆಂಬರಿನಲ್ಲೇ ಬಂದು
ಹಿಟ್ಟಿನ ಚೀಲದ ಹಿಂದೆ ಕೂತಿತ್ತು, ಮೇಣದ ಕಾಗದ ಹೊದ್ದು:
ದೊಡ್ಡದಕ್ಕೆ ನಲವತ್ತಮೂರು ಹಲ್ಲು, ಚಿಕ್ಕದಕ್ಕೆ ಹನ್ನೊಂದು.
"ಒಂದನ್ನೊಂದು ಉಜ್ಜಿಕೊಂಡೇ ಹುಟ್ಟಿದವು.
ಬೇರೆಯದರ ಜೊತೆ ಸಂಸಾರ ನಡೆಯದು."
ಮದುವೆಯೇ ಆಗದ ಮುದುಕ, ಇವನಿಗೇನು ಗೊತ್ತು.

ಹಳೆಯ ಬೇರಿಂಗಿನ ಒಳಮೈ ಉಜ್ಜಿ ಸಡಿಲ ಮಾಡಿಕೊಂಡೆ,
ಹಾಕಲು, ತೆಗೆಯಲು, ಮತ್ತೆ ಹಾಕಲು.
ಗುರುತಿಗೆ ಬಣ್ಣ ಬೇಕಲ್ಲ?
ಜಿಂಕ್ ಮುಲಾಮಿಗೆ ಮಕ್ಕಳ ಬಾಯಿಹುಣ್ಣಿನ ನೇರಳೆ ಔಷಧ ಕಲಸಿ
ಆರು ಹಲ್ಲಿಗೆ ಬಳಿದೆ.
ಮುಂದೆ ತಿರುಗಿಸಿದೆ, ಹಿಂದೆ ತಿರುಗಿಸಿದೆ.
ಬಣ್ಣ ಸರಿದ ಜಾಗದಲ್ಲಿ
ಹಲ್ಲು ಹಲ್ಲಿಗೆ ಏನು ಹೇಳಿತೆಂದು ಓದಬೇಕು.

ಮೊದಲ ಸಲ ತುದಿಯಂಚಿನಲ್ಲಿ. ದಪ್ಪ ಶಿಮ್.
ಎರಡನೇ ಸಲ ಬುಡದಲ್ಲಿ. ತೆಳುವು.
ಮೂರು. ನಾಲ್ಕು.
ಐದನೇ ಸಲ, ಬೆರಳು ಸೆಟೆದು, ಹೊಟ್ಟೆ ಹಸಿದು
"ನಡುವಲ್ಲಿದೆ, ಸರಿಯಾಗಿದೆ" ಎಂದೆ.

ಮುದುಕ ಎದ್ದ. ಗೋಡೆ ತಡವುತ್ತ ಬಂದ.
ಒಂದು ಹಲ್ಲಿನ ನಡುವೆ ಹೆಬ್ಬೆರಳೆಳೆದು
ನನ್ನ ಮೂಗಿನ ಹತ್ತಿರ ಹಿಡಿದ. ಉಗುರಿನ ತನಕ ನೇರಳೆ.
"ನಡುವೆ ತಾಗಿದ್ದರೆ ಇಷ್ಟು ಉಳಿಯುತ್ತಿತ್ತೇ?
ಕಾಯಿಲೆಯವರಿಗೂ ಹೀಗೇ ಹೇಳುತ್ತೀಯಾ?"

ಹೇಳಿದ್ದುಂಟು. ಹೋದ ಚಳಿಗಾಲ, ದೋಮ್ನಾ ಅಜ್ಜಿಗೆ.
ಅವಳೂ ನಂಬಿದವಳಂತೆ ಹೊದಿಕೆ ಎಳೆದುಕೊಂಡಳು.
ಆರನೇ ಶಿಮ್ ಹುಡುಕಿದೆ.

ಬಣ್ಣ ಕೊನೆಗೆ ನಡುವಿಗೆ ಬಂತು, ಹುಣಸೆಬೀಜದ ಹಾಗೆ.
ಹಲ್ಲು ಹಲ್ಲಿನ ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟು
ಪಕ್ಕದ ನಟ್ಟುಗಳ ಜಾಗ ಗೀರಿಕೊಂಡು ಎಲ್ಲ ಬಿಚ್ಚಿದೆ.
ಪಿನಿಯನ್ನನ್ನು ಹಿಮದಲ್ಲಿ ಹೂತೆ,
ಹೊಸ ಬೇರಿಂಗನ್ನು ಒಲೆಗಿಟ್ಟೆ,
ಮಾಂಸದ ರೊಟ್ಟಿ ಬೇಯಿಸುವ ತಟ್ಟೆಯ ಮೇಲೆಯೇ.
ಬಿಸಿಯದು ತಣ್ಣನೆಯದರ ಮೇಲೆ ಟಕ್ಕೆಂದು ಕೂತಿತು.
ಅವತ್ತಿನ ರೊಟ್ಟಿಯಲ್ಲಿ ಗ್ರೀಸಿನ ವಾಸನೆ.
ಇಬ್ಬರೂ ತಿಂದೆವು.

ಉಳಿದದ್ದು ಆ ತೆಳು ಕೊಳವೆ.
ನಟ್ಟು ಬಿಗಿದಷ್ಟೂ ಕುಗ್ಗುತ್ತದೆ, ಕುಗ್ಗಿದ್ದು ಹಿಗ್ಗದು.
ಮುತ್ತು ಒಡೆದರೆ ಹೋಯಿತು. ನನ್ನಲ್ಲಿರುವುದು ಒಂದೇ.

ಪಿನಿಯನ್ನಿನ ಕೊರಳಿಗೆ ದಾರ ಸುತ್ತಿ
ಕೂಸು ತೂಗುವ ನನ್ನ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದೆ.
"ಎಷ್ಟು?"
ಮೂರು ಕಿಲೋ. ಆಗತಾನೆ ಹುಟ್ಟಿದ್ದು.
ಉಸಿರು ಹಿಡಿದು ಚೂರು ಬಿಗಿದೆ.
ಐದು. ಮುಖ ನೋಡಿ ನಗುವ ವಯಸ್ಸು.
ಇನ್ನೊಂದು ಚೂರು. ಆರೂವರೆ, ಬೋರಲು ಬೀಳುತ್ತದೆ.
"ಅವಸರ ಮಾಡಬೇಡ, ಬೆಳೆಯಲಿ."
ಏಳು.
ಸ್ಪ್ಯಾನರಿನ ತುದಿಯಲ್ಲಿ ನನ್ನ ಇಡೀ ಮೈ.
ಎಂಟು. ಅಂಬೆಗಾಲು.
"ಕೈ ತೆಗೆ," ಎಂದ. ತೆಗೆದೆ.

ಹನ್ನೊಂದು ದಿನದ ಮೇಲೆ, ದಾರಿ ತೆರೆದಾಗ,
ಮಾವ ಪಕ್ಕದ ಸೀಟಿನಲ್ಲಿ ತಲೆ ಓರೆ ಮಾಡಿ ಕೂತಿದ್ದ.
ಅರವತ್ತು ದಾಟಿದೆ. ಎಂಗುರಿ ಹೊಳೆಯ ಸದ್ದು
ಒಳಗೆ ಕೇಳಿಸಿದ್ದು ಅದೇ ಮೊದಲು.
"ಎಡ ಬಾಗಿಲಿನ ರಬ್ಬರು ಹೋಗಿದೆ," ಎಂದ.
ಅದಕ್ಕಿಂತ ದೊಡ್ಡ ಶಾಭಾಸು ಅವನ ಬಾಯಲ್ಲಿಲ್ಲ.

ದೋಮ್ನಾಳ ಅಂಗಳದಲ್ಲಿ ಇಳಿದ ಕೂಡಲೇ
ನಾಯಿ ನನ್ನ ಕಾಲ್ಚೀಲ ಹಿಡಿಯಿತು.
ಮಗ ಓಡಿ ಬಂದು ನನಗೇ ಬೈದ:
ಸದ್ದಿಲ್ಲದೆ ಬಂದರೆ
ಕಟ್ಟಿಹಾಕುವುದು ಯಾವಾಗ, ಹೇಳು?